ಬೇಡವೆಂದ ಕಿತ್ತಳೆ

“ಹುಷಾರು ಕಣೇ, ಹೊಸಬ್ರು ಅಂತ ಗೊತ್ತಾದ್ರೆ ಯಾವೂರಲ್ಲಾದ್ರೂ ತಲೆ ಬೋಳಿಸ್ತಾರೆ,” ಎಂದು ಗಂಡ ಹಿಂದಿನಿಂದ ಹೇಳಿದ್ದೇ ತಡ, ವನಜಾಕ್ಷಿಯ ಕಣ್ಣು ತಕ್ಕಡಿಗೆ ಅಂಟಿಕೊಂಡಿತು.

ಒಂದು ದಿನದ ಮಟ್ಟಿಗೆ ಬುಸಾನ್ ನೋಡಲು ಬಂದವರು. ಕೊರಿಯಾದಲ್ಲೇ ಓದುತ್ತಿದ್ದ ತಂಗಿಯ ಮಗಳು ಇಬ್ಬರನ್ನೂ ಪೇಟೆಯ ನಡುವೆ ನಿಲ್ಲಿಸಿ ನೀರು ತರಲು ಹೋಗಿದ್ದಳು. ಕಿತ್ತಳೆ ಮಾರುವ ಅಜ್ಜಿ ಎರಡು ಕಿಲೋ ತೂಗಿ, ದುಡ್ಡು ಇಸಿದುಕೊಂಡು, ಆಮೇಲೆ ಚೀಲಕ್ಕೆ ಇನ್ನೂ ಮೂರು ಹಣ್ಣು ಹಾಕಿದಳು.

“ಇದೇನ್ರೀ, ಕೇಳ್ದೇನೇ ಹಾಕ್ತಾಳೆ! ಇದಕ್ಕೂ ದುಡ್ಡು ಕೀಳ್ತಾಳೆ ನೋಡ್ತಾ ಇರಿ.”

ವನಜಾಕ್ಷಿ ಮೂರನ್ನೂ ತೆಗೆದು ಹಲಗೆಯ ಮೇಲೆ ಕುಕ್ಕಿದಳು. ಅಜ್ಜಿ ನಗುತ್ತ ಏನೋ ಹೇಳಿ ಮತ್ತೆ ಹಾಕಿದಳು.

“ಬೇಡಾಂದ್ರೆ ಬೇಡ! ಮೋಸ ಮಾಡೋಕೆ ನಾವೇ ಸಿಕ್ಕಿದ್ವಾ?” ಎಂದು ವನಜಾಕ್ಷಿ ಅಚ್ಚ ಕನ್ನಡದಲ್ಲೇ ಕೂಗಾಡಿದಳು. ಪಕ್ಕದ ಮೀನಿನವರು ಕತ್ತಿ ನಿಲ್ಲಿಸಿ ನೋಡಿದರು. ಅಜ್ಜಿಯ ಮುಖದ ನಗು ಇಳಿದುಹೋಯಿತು.

ಹುಡುಗಿ ಓಡಿ ಬಂದು ಅಜ್ಜಿಯ ಮಾತು ಕೇಳಿಸಿಕೊಂಡಳು.

“ದೊಡ್ಡಮ್ಮ, ಅವ್ರು ದುಡ್ಡು ಕೇಳ್ತಿಲ್ಲ. ಅದು ಕೊಸರು.”

“ಕೊಸರಾ? ನಾನು ಕೇಳ್ದೇನೇ?”

“ಹೂಂ. ಊರಲ್ಲಿ ಸೊಪ್ಪಿನವಳ ಹತ್ರ ನೀವು ಜಗಳ ಆಡಿ ಕಿತ್ಕೊಳ್ತೀರಲ್ಲ, ಅದೇ. ಇಲ್ಲಿ ಅವ್ರಾಗೇ ಕೊಡ್ತಾರೆ.”

ವನಜಾಕ್ಷಿಗೆ ತಲೆ ಎತ್ತಲಾಗಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು, “ತಪ್ಪಾಯ್ತು ಅಂತ ಹೇಳೇ, ನಮ್ಮವ್ವ,” ಎಂದಳು.

ಹುಡುಗಿ ಬಾಯಿ ತೆರೆಯುವಷ್ಟರಲ್ಲಿ, ಮೂರು ಸಾಲದೆಂದೇ ಈಕೆಗೆ ಸಿಟ್ಟು ಬಂದಿರಬೇಕೆಂದುಕೊಂಡ ಅಜ್ಜಿ, ಚೀಲಕ್ಕೆ ಮತ್ತೆರಡು ಕಿತ್ತಳೆ ಹಾಕಿದಳು.