ಚಿಗಟದ ಭಾನುವಾರ

ಶಾಲೆಗೆ ಹೊರಟಿದ್ದ ಹುಡುಗಿಯ ಬಿಳಿ ಕಾಲುಚೀಲದ ಮೇಲೆ ಎಳ್ಳುಕಾಳಿನಷ್ಟು ಕಪ್ಪು ಚುಕ್ಕೆಯೊಂದು ಕೂತಿತ್ತು. ಬೆರಳಿಟ್ಟಳೋ ಇಲ್ಲವೋ, ಅದು ಚಂಗನೆ ಹಾರಿ ಅವಳ ಅಪ್ಪನ ಕಾಫಿ ಲೋಟದೊಳಗೆ ಬಿತ್ತು.

"ಚಿಗಟ!" ಎಂದು ಕಿರುಚಿದಳು. "ಅಪ್ಪಾ, ಇದು ಆ ಬೆಕ್ಕು ತಂದಿದ್ದು. ನಮ್ಮ ಗಡವನಿಗೆ ಯಾವತ್ತೂ ಇಂಥದ್ದೆಲ್ಲ ಇರ್ಲಿಲ್ಲ. ಅದನ್ನ ಎಲ್ಲಿಂದ ಬಂತೋ ಅಲ್ಲಿಗೇ ಕಳಿಸಿಬಿಡು."

ಗಡವ ಆ ಮನೆಯ ನಾಯಿ. ಬೆಕ್ಕಿನ ಹೆಸರು ಹತ್ತಿ. ಸೂಜಿಯಕ್ಕ ಹುಡುಗಿಯ ಅಪ್ಪನನ್ನು ಮದುವೆಯಾಗಿ ಈ ಮನೆಗೆ ಬಂದಾಗ ಒಂದು ಕೈಯಲ್ಲಿ ಸೂಟ್‌ಕೇಸು, ಇನ್ನೊಂದು ಕೈಯಲ್ಲಿ ಹತ್ತಿಯ ಬುಟ್ಟಿ ಹಿಡಿದು ಬಂದಿದ್ದಳು. ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಅವಳನ್ನು ಊರೆಲ್ಲ ಸೂಜಿಯಕ್ಕ ಎಂದೇ ಕರೆಯುತ್ತಿತ್ತು. ಹುಡುಗಿ ಮಾತ್ರ ಏನೂ ಕರೆಯುತ್ತಿರಲಿಲ್ಲ. ಚಿಕ್ಕಮ್ಮ ಅನ್ನು ಎಂದು ಅಪ್ಪ ಹೇಳಿಕೊಟ್ಟಿದ್ದ. ಅದಕ್ಕೂ ನಾಲಿಗೆ ಹೊರಳದೆ, 'ಇಲ್ನೋಡಿ', 'ಕೇಳಿಸ್ತಾ' ಎನ್ನುತ್ತಲೇ ದಿನ ದೂಡುತ್ತಿದ್ದಳು.

"ಊರವರ ರಕ್ತವೆಲ್ಲ ನಾನು ಹೀರ್ತೀನಿ, ನನ್ನ ರಕ್ತ ಇವು ಹೀರ್ತಿವೆ. ಲೆಕ್ಕ ಸರಿಹೋಯ್ತು," ಎಂದು ಸೂಜಿಯಕ್ಕ ಮೊಣಕಾಲು ಕೆರೆದುಕೊಳ್ಳುತ್ತ ನಕ್ಕಳು. ಹುಡುಗಿ ನಗಲಿಲ್ಲ. ಸೂಜಿಯಕ್ಕನ ನಗುವೂ ಅರ್ಧಕ್ಕೇ ನಿಂತಿತು. ಹತ್ತಿಯನ್ನು ಕಳಿಸೋಣವೆಂದರೆ ಬೇರೆ ಮನೆಯೇ ಇರಲಿಲ್ಲ. ಅವಳಿಗೂ ಇರಲಿಲ್ಲ.

ಸಂಜೆ ಎರಡು ಪ್ರಾಣಿಗಳನ್ನೂ ಪಶುವೈದ್ಯರ ಬಳಿ ಒಯ್ದರು. ಯಾರು ಯಾರಿಗೆ ಅಂಟಿಸಿದ್ದು ಎಂದು ಹುಡುಗಿ ಕೇಳಿಯೇಬಿಟ್ಟಳು.

"ಚಿಗಟದ ಬೆನ್ನ ಮೇಲೆ ವಿಳಾಸ ಬರೆದಿರಲ್ಲಮ್ಮ," ಎಂದರು ವೈದ್ಯರು. "ಅದು ನಾಯಿ ಮೇಲೂ ಇರತ್ತೆ, ಬೆಕ್ಕಿನ ಮೇಲೂ ಇರತ್ತೆ. ಮೈಮೇಲೆ ಕಾಣೋದು ಸ್ವಲ್ಪ. ಹಾಸಿಗೆ, ಸೋಫಾ, ನೆಲದ ಸಂದಿ, ಎಲ್ಲಾ ಕಡೆ ಮೊಟ್ಟೆ ಇಟ್ಟಿರತ್ತೆ. ಮನೆಮಂದಿಯೆಲ್ಲ ಸೇರಿ ಇಡೀ ಮನೆ ತೊಳೀರಿ. ಮದ್ದು ಮಾತ್ರ ಬೇರೆ ಬೇರೆ. ನಾಯೀದನ್ನ ಬೆಕ್ಕಿಗೆ ಹಾಕಿದ್ರೆ ಬೆಕ್ಕು ಉಳಿಯಲ್ಲ, ಹುಷಾರು."

ಭಾನುವಾರ ಮನೆ ತಲೆಕೆಳಗಾಯಿತು. ಹಾಸಿಗೆಗಳು ಬಿಸಿಲಿಗೆ ಹೋದವು, ಹೊದಿಕೆಗಳು ಕುದಿನೀರಿಗೆ ಬಿದ್ದವು. ಬಸ್ ಕಂಡಕ್ಟರನಾದ ಅಪ್ಪ ವ್ಯಾಕ್ಯೂಮ್ ಕ್ಲೀನರಿನ ಮೂತಿಯನ್ನು ಸೋಫಾದ ಸಂದಿಗೆ ತೂರಿಸಿ, "ಯಾರ್ರೀ ಅದು ಟಿಕೆಟ್ ಇಲ್ದೋರು? ಇಳೀರಿ, ಇಳೀರಿ! ಮುಂದಿನ ಸ್ಟಾಪೇ ಇಲ್ಲ ನಿಮಗೆ!" ಎಂದು ಅಬ್ಬರಿಸಿದ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಸೂಜಿಯಕ್ಕ ನಗುತ್ತ ನಗುತ್ತ ಕೈಲಿದ್ದ ದಿಂಬನ್ನೇ ಬಕೆಟ್ಟಿಗೆ ಅದ್ದಿದಳು.

ಅದೇ ಉಮೇದಿನಲ್ಲಿ ಅಪ್ಪ ಮೇಜಿನ ಮೇಲಿದ್ದ ಮದ್ದಿನ ಟ್ಯೂಬೊಂದನ್ನು ಎತ್ತಿಕೊಂಡು ಬೆಕ್ಕಿನ ಕುತ್ತಿಗೆ ಹಿಡಿದ. ಹುಡುಗಿ ಹಾರಿ ಬಂದು ಕಿತ್ತುಕೊಂಡಳು.

"ಅದು ಗಡವಂದು! ಹತ್ತಿ ಸತ್ತೋಗತ್ತೆ!"

ಬೆಕ್ಕನ್ನು ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅಪ್ಪ ತಲೆ ಕೆರೆದುಕೊಂಡ. ಹುಡುಗಿ ಸರಿಯಾದ ಟ್ಯೂಬನ್ನು ಹುಡುಕಿ, ಹೆಸರನ್ನು ಎರಡೆರಡು ಸಲ ಓದಿ, "ಇಲ್ನೋಡಿ, ಕೂದಲು ಬಿಡಿಸಿ ಹಿಡ್ಕೊಳ್ಳಿ," ಎಂದಳು. ಸೂಜಿಯಕ್ಕ ಬಿಡಿಸಿ ಹಿಡಿದಳು. ಹುಡುಗಿ ಉಸಿರು ಬಿಗಿಹಿಡಿದು ಹತ್ತಿಯ ಕತ್ತಿನ ಹಿಂದೆ ಮದ್ದು ಬಿಟ್ಟಳು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಮನೆ ಪಳಪಳ ಹೊಳೆಯುತ್ತಿತ್ತು. ಒಣಗಿದ ಹಾಸಿಗೆಗಳನ್ನು ಅಪ್ಪ ನಡುಮನೆಯಲ್ಲಿ ಸಾಲಾಗಿ ಹಾಸಿ, ತಾನೇ ಒಂದರ ಮೇಲೆ ಮೈಚಾಚಿದ್ದ. ಉಳಿದದ್ದು ಗಡವನ ಸ್ನಾನ. ಹುಡುಗಿ ಅವನನ್ನು ಬಚ್ಚಲಿಗೆ ಎಳೆದುಕೊಂಡು ಹೋಗಿ ಸೋಪು ತಿಕ್ಕುತ್ತಿದ್ದಳು. ಸೂಜಿಯಕ್ಕ ಮಡಿಸಿದ ಹೊದಿಕೆಗಳನ್ನು ಗದ್ದದವರೆಗೆ ಪೇರಿಸಿಕೊಂಡು ಬಚ್ಚಲ ಮುಂದೆ ಹಾಯುತ್ತಿದ್ದಾಗ ಒಳಗಿನಿಂದ ಬಕೆಟ್ ಉರುಳಿದ ಸದ್ದಾಯಿತು. ಹಿಂದೆಯೇ ಕೂಗು.

"ಬಾಗಿಲು ಹಾಕಮ್ಮಾ!"

ಸೂಜಿಯಕ್ಕ ನಿಂತಲ್ಲೇ ನಿಂತಳು. ಹಾಕಮ್ಮ. ಅದೇನು ದೊಡ್ಡ ಮಾತಲ್ಲ. ಯಾರ ಮಾತಿನ ತುದಿಗೆ ಬೇಕಾದರೂ ಅಂಟಿಕೊಳ್ಳುವ ಅಮ್ಮ ಅದು. ತರಕಾರಿಯವನು 'ತಗೊಳ್ಳಮ್ಮ' ಎನ್ನುತ್ತಾನೆ, ತಾನೇ ಲ್ಯಾಬಿನಲ್ಲಿ ಅಜ್ಜಿಯಂದಿರಿಗೂ ಎಳೆಮಕ್ಕಳಿಗೂ 'ಕೈ ಚಾಚಮ್ಮ' ಎನ್ನುತ್ತಾಳೆ. ಆ ಅಮ್ಮನೋ? ಅಥವಾ...

ನಾಯಿಗೆ ಇಂಥ ಯೋಚನೆಯೆಲ್ಲ ಇರುವುದಿಲ್ಲ. ಅರ್ಧ ತೆರೆದಿದ್ದ ಬಾಗಿಲಿನಿಂದ ನೊರೆಯ ಮುದ್ದೆಯಂತೆ ನುಗ್ಗಿದ ಗಡವ ಅವಳ ಕಾಲ ಸಂದಿಯಲ್ಲಿ ತೂರಿ, ನಡುಮನೆಯ ಹಾಸಿಗೆಗಳ ಮೇಲೆ ಈ ಕಡೆಯಿಂದ ಆ ಕಡೆಗೆ ಓಡಿ, ಸರಿಯಾಗಿ ಅಪ್ಪನ ಹೊಟ್ಟೆಯ ಮೇಲೆ ನಿಂತು ಮೈ ಕೊಡವಿದ. ಗೋಡೆಗೆ ನೊರೆ, ಕಿಟಕಿಗೆ ನೊರೆ, ಅಪ್ಪನ ಮೀಸೆಗೂ ನೊರೆ. ಹತ್ತಿ ಬೀರುವಿನ ತಲೆಗೇರಿ ಕೂತಿತು.

ಕಿವಿಯವರೆಗೆ ಸೋಪು ಮೆತ್ತಿಕೊಂಡ ಹುಡುಗಿ ಬಚ್ಚಲಿನಿಂದ ಹೊರಗೆ ಬಂದು ಸೊಂಟದ ಮೇಲೆ ಕೈಯಿಟ್ಟಳು.

"ಅಮ್ಮಾ! ನಿಂಗೇ ಹೇಳಿದ್ದು. ಎಷ್ಟು ಸಲ ಕೂಗ್ಬೇಕು ನಿನ್ನ?"

ಸೂಜಿಯಕ್ಕನ ಕೈಲಿದ್ದ ಹೊದಿಕೆಗಳೆಲ್ಲ ಒದ್ದೆ ನೆಲದ ಮೇಲೆ ಬಿದ್ದಿದ್ದವು.

"ಇನ್ನೊಂದ್ಸಲ," ಎಂದಳು.