ಒಂದು ಹಿಡಿ ಬೆಳ್ತಿಗೆ ಅಕ್ಕಿ

ಬೆಳ್ತಿಗೆ ಅಕ್ಕಿಯ ಡಬ್ಬಿ ತೆರೆದಾಗ ಏಳುವ ಒಣ ವಾಸನೆಗೆ ಈಗಲೂ ನನ್ನ ತಲೆ ತಗ್ಗುತ್ತದೆ.

ನಾವು ಗಲ್ಫಿನಲ್ಲಿದ್ದಾಗ, ಕರಾಮದ ನಮ್ಮ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಮಿಜೋರಾಮಿನ ಟೀಚರ್ ಒಬ್ಬರು ಬಾಡಿಗೆಗಿದ್ದರು. ಮಧ್ಯಾಹ್ನ ನನಗೆ ಲೆಕ್ಕ ಹೇಳಿಕೊಡುತ್ತಿದ್ದರು. ಅಡುಗೆಮನೆ ಎಲ್ಲರಿಗೂ ಒಂದೇ. ಅನ್ನಕ್ಕಿಡುವ ಮೊದಲು ಅವರು ಪ್ರತಿಸಲ ಒಂದು ಹಿಡಿ ಅಕ್ಕಿಯನ್ನು ಹಾಲಿನಪುಡಿಯ ಹಳೇ ಡಬ್ಬಿಗೆ ಹಾಕುವುದನ್ನು ಅಮ್ಮ ದೂರದಿಂದ ನೋಡಿದ್ದಳು. ನಮ್ಮ ಅಕ್ಕಿಯೋ, ಬೇಗ ಮುಗಿಯುತ್ತಿತ್ತು.

ಅಮ್ಮನಿಗೆ ಇಂಗ್ಲಿಷ್ ಬಾರದು. ಒಂದು ಮಧ್ಯಾಹ್ನ, "ಅದು ಯಾರ ಅಕ್ಕಿ ಅಂತ ಕೇಳು ಮಗಾ," ಎಂದಳು. ಕೇಳಿದೆ.

ಟೀಚರ್ ಡಬ್ಬಿಯನ್ನು ಪೇಪರಿನ ಮೇಲೆ ಸುರಿದರು. ಅಪ್ಪಟ ಬಿಳಿಯ ಬೆಳ್ತಿಗೆ ಅಕ್ಕಿ. ನಾವು ಉಣ್ಣುತ್ತಿದ್ದದ್ದು ಊರಿನ ಕೆಂಪು ಕುಚ್ಚಲಕ್ಕಿ.

"ನಮ್ಮಲ್ಲಿ ಪ್ರತಿ ಮನೆಯಲ್ಲೂ ಹೀಗೆ ತೆಗೆದಿಡ್ತಾರೆ. ಆ ಅಕ್ಕಿ ಮಾರಿಯೇ ನಮ್ಮ ಹಳ್ಳಿಯ ಶಾಲೆ ನಡೆದದ್ದು. ಇಲ್ಲಿ ಡಬ್ಬಿ ತುಂಬಿದ ಮೇಲೆ ಅದರ ಬೆಲೆ ಊರಿಗೆ ಕಳಿಸ್ತೇನೆ," ಎಂದರು. ಅದನ್ನೂ ನಾನೇ ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕಾಯಿತು.

ಅಮ್ಮ ಒಣಗಿದ ಕೈಯನ್ನೇ ಮತ್ತೆ ಮತ್ತೆ ಸೆರಗಿಗೆ ಒರೆಸಿಕೊಂಡಳು. "ಬೇಜಾರು ಮಾಡ್ಬೇಡಿ ಅಂತ ಹೇಳು." ಆ ಮಾತನ್ನು ನಾನು ಟೀಚರಿಗೆ ದಾಟಿಸಲೇ ಇಲ್ಲ. ಟೀಚರ್ ಚೆಲ್ಲಿದ ಕಾಳುಗಳನ್ನು ಹೆಕ್ಕಿ ಡಬ್ಬಿ ಮುಚ್ಚಿ, "ಪುಸ್ತಕ ತಾ," ಎಂದು ಎಂದಿನಂತೆ ಪಾಠಕ್ಕೆ ಕೂತರು.

ಮರುದಿನ ಆ ಡಬ್ಬಿ ಅವರ ಕೋಣೆ ಸೇರಿತ್ತು. ಅಂದಿನಿಂದ ಅವರು ಹಿಡಿ ಅಕ್ಕಿಯನ್ನು ಒಳಗೆ ಒಯ್ಯುವ ಮೊದಲು ಅಮ್ಮನೆದುರು ನಿಂತು ಮುಷ್ಟಿ ಬಿಚ್ಚಿ ತೋರಿಸುತ್ತಿದ್ದರು.