ಸಡಿಲ ಗೋಡೆ

ಹಂಪಣ್ಣ ರೆಕ್ಕೆಯ ಕುದುರೆಯನ್ನು ಭುಜದೆತ್ತರಕ್ಕೆ ಹಿಡಿದು ತನ್ನ ಆಟಿಕೆ ಅಂಗಡಿಯ ಬಂಡೆಗಲ್ಲಿನ ನೆಲಕ್ಕೆ ಕೈಬಿಟ್ಟ. ಕಟ್ಟಿಗೆಯ ಕುದುರೆ ಟಕ್ಕೆಂದು ಪುಟಿದು ಗಲ್ಲಾದ ಕೆಳಗೆ ಹೋಯಿತು. ಬಗ್ಗಿ ತೆಗೆದು ನೋಡಿದ. ರೆಕ್ಕೆ ಮುರಿದಿರಲಿಲ್ಲ. ಒದ್ದೆ ಬಟ್ಟೆಯಿಂದ ತಿಕ್ಕಿದ. ಬಣ್ಣವೂ ಬಿಡಲಿಲ್ಲ. ಎದುರಿಗೆ ಸ್ಟೂಲಿನ ತುದಿಯಲ್ಲಿ ಕೂತಿದ್ದ ಮಕ್ಬುಲಸಾಬನಿಗೆ ಹೋದ ಉಸಿರು ಬಂದಂತಾಯಿತು.

ಮಕ್ಬುಲಸಾಬ ಕುಷ್ಟಗಿಯ ಬಡಗಿ. ಸೊಂಟ ಹಿಡಿದ ಮೇಲೆ ಬಾಗಿಲು, ಚೌಕಟ್ಟು ಎತ್ತಲಾಗದೆ ಕೂತಿದ್ದವನು, ಮುಂಬಯಿಯಿಂದ ಬರುತ್ತಿದ್ದ ಪ್ಲಾಸ್ಟಿಕ್ ಇಟ್ಟಿಗೆಯ ಆಟಿಕೆ ಕಂಡು ಅಂಥದ್ದನ್ನೇ ಕಟ್ಟಿಗೆಯಲ್ಲಿ ಮಾಡಿದ್ದ. ಸಣ್ಣ ಗೂಟಗಳಿಂದ ಒಂದರ ಮೇಲೊಂದು ಕೂರುವ ಬೆರಳುದ್ದದ ಇಟ್ಟಿಗೆಗಳು. ಅವುಗಳಿಂದ ಒಂದು ಮಾಯಾಕೋಟೆ ಕಟ್ಟಬೇಕು. ಕೋಟೆಯೊಳಗೆ ಇರಲು ರೆಕ್ಕೆಯ ಕುದುರೆ, ಎರಡು ತಲೆಯ ಗಂಡಭೇರುಂಡ, ಸೊಂಡಿಲಿರುವ ಮೀನು. ಕೊಪ್ಪಳದ ಪೇಟೆಯಲ್ಲಿ ಹಂಪಣ್ಣ ಛಲೋ ಎಂದ ಆಟಿಕೆ ಮಾತ್ರ ಸುತ್ತಲಿನ ಊರುಗಳಿಗೆ ಹೋಗುತ್ತಿತ್ತು.

ಹಂಪಣ್ಣ ಇಟ್ಟಿಗೆ ಜೋಡಿಸಿ ಮೊಳದೆತ್ತರದ ಗೋಡೆ ನಿಲ್ಲಿಸಿದ. ಬೆರಳಿನಿಂದ ಮೆಲ್ಲಗೆ ತಳ್ಳಿದ್ದೇ ತಡ, ಎಲ್ಲ ಉರುಳಿತು.

"ಬೊಂಬಿ ಭಾಳ ಛಲೋ ಅದಾವ ಸಾಬ್ರ. ಆದ್ರ ಗ್ವಾಡಿ ನಿಲ್ಲವಲ್ದು. ಗೂಟ ಸಡ್ಲ ಅದಾವ. ಮಂದಿ ವಾಪಸ್ ತಂದು ನನ್ನ ಮಾರಿ ಮ್ಯಾಲೆ ಒಗೀತಾರ."

"ಬಿಗಿ ಮಾಡಿದ್ರ ಸಣ್ಣ ಮಕ್ಕಳ ಕೈಲೆ ಬಿಚ್ಚಾಕ ಆಗಂಗಿಲ್ಲ ಅಂತ ಹಂಗ ಬಿಟ್ಟೆ ಸಾವಕಾರ್ರ," ಎಂದ ಮಕ್ಬುಲಸಾಬ. ಅವನ ದನಿ ಇಳಿದಿತ್ತು.

ಹಂಪಣ್ಣನಿಗೆ ಒಮ್ಮೆಲೇ ಬೇಡ ಎನ್ನಲು ಮನಸ್ಸಾಗಲಿಲ್ಲ. "ಇಟ್ಟು ಹೋಗ್ರಿ. ಮನ್ಯಾಗ ಮೊಮ್ಮಗಳದಾಳ, ಆಡಿ ನೋಡ್ಲಿ. ಮುಂದಿನ ಸಂತಿಗೆ ಬರ್ರಿ," ಎಂದ.

ಮೊಮ್ಮಗಳು ಪಂಪಮ್ಮ, ಆರು ವರ್ಷದವಳು. ಹಿಂದಿನ ಮಳೆಗಾಲದಲ್ಲಿ ತಳಕಲ್ಲಿನಲ್ಲಿ ಅವಳ ಅಪ್ಪನ ಮನೆಯ ಮಣ್ಣಿನ ಮಾಳಿಗೆ ಕುಸಿದಾಗ ಅವಳೊಬ್ಬಳೇ ಒಳಗಿದ್ದಳು. ಓಣಿಯ ಮಂದಿ ಕೈಯಿಂದಲೇ ಮಣ್ಣು ಬಗೆದು ಎಳೆದು ತೆಗೆದಿದ್ದರು. ಮೈಗೆ ಒಂದು ಗೀರೂ ಆಗಿರಲಿಲ್ಲ. ಆದರೆ ಅಂದಿನಿಂದ ಅವಳು ಯಾವ ಮಾಡಿನ ಕೆಳಗೂ ಕಾಲಿಟ್ಟಿರಲಿಲ್ಲ. ತಾಯಿ ಗುರುಲಿಂಗಮ್ಮ ಅವಳನ್ನು ತವರಿಗೆ ಕರೆತಂದಿದ್ದಳು. ಇಲ್ಲಿಯೂ ಊಟ, ನಿದ್ದೆ ಎಲ್ಲ ಅಂಗಳದ ಬೇವಿನ ಗಿಡದ ಕೆಳಗೇ. ಚಳಿಗಾಲವನ್ನು ತಾಯಿಮಗಳು ಅಲ್ಲೇ ಒಂದು ಕಂಬಳಿಯಲ್ಲಿ ಕಳೆದಿದ್ದರು. ಒಳಗೆ ಎತ್ತಿಕೊಂಡು ಹೋದರೆ ಹುಡುಗಿ ಕಟ್ಟಿಗೆಯಂತೆ ಸೆಟೆದುಬಿಡುತ್ತಿದ್ದಳು. ಡಾಕ್ಟರು, ತಾಯಿತ ಎರಡೂ ಮುಗಿದಿದ್ದವು.

ಹಂಪಣ್ಣ ಗಿಡದ ಕೆಳಗೆ ಆಟಿಕೆಯ ಪೆಟ್ಟಿಗೆ ಸುರುವಿದ ಕೂಡಲೇ ಪಂಪಮ್ಮ ನಾಲ್ಕು ಗೋಡೆ ಕಟ್ಟಿದಳು. ಒಳಗೆ ಗಂಡಭೇರುಂಡವನ್ನು ಇಟ್ಟಳು. ಮೇಲೆ ತನ್ನ ಬರೆಯುವ ಪಾಟಿಯನ್ನು ಮುಚ್ಚಿದಳು. ಆಮೇಲೆ ಅಂಗೈಯಿಂದ ನೂಕಿಬಿಟ್ಟಳು. ಗೋಡೆ ಕುಸಿಯಿತು. ಅವಳ ತುಟಿ ಅದುರತೊಡಗಿತು. ಗುರುಲಿಂಗಮ್ಮ ಓಡಿಬಂದಳು. ಹಂಪಣ್ಣ ಯಾಕೋ ಮಗಳ ರಟ್ಟೆ ಹಿಡಿದು ನಿಲ್ಲಿಸಿದ.

ಪಂಪಮ್ಮ ಪಾಟಿ ಸರಿಸಿದಳು. ಒಂದೊಂದೇ ಇಟ್ಟಿಗೆ ತೆಗೆದಳು. ಹಕ್ಕಿಯನ್ನು ಹೊರಗೆಳೆದು, ಎರಡೂ ತಲೆಯ ಮೇಲಿನ ಧೂಳನ್ನು ಉಫ್ ಎಂದು ಊದಿದಳು.

"ಅಜ್ಜಾ, ಬಂತು."

"ಬಂತವ್ವ," ಎಂದ ಹಂಪಣ್ಣ.

ಆಮೇಲೆ ಕುದುರೆಯ ಸರದಿ, ಮೀನಿನ ಸರದಿ. ಕಟ್ಟುವುದು, ಕೆಡವುವುದು, ತೆಗೆಯುವುದು. ಮರುದಿನವೂ ಅದೇ ಆಟ, ಅದರ ಮರುದಿನವೂ. ಹಂಪಣ್ಣ ಅಂಗಡಿಯನ್ನು ಆಳಿಗೆ ಬಿಟ್ಟು ಗಿಡದ ಕೆಳಗೆ ಕೂತು, ಅವಳು ಬಂತು ಎಂದಾಗಲೆಲ್ಲ ಬಂತವ್ವ ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಬೇವಿನ ನೆರಳು ಸರಿದು ಬಿಸಿಲು ಸುಡತೊಡಗಿತು. ಪಂಪಮ್ಮ ಆಟಿಕೆಗಳನ್ನು ಲಂಗದಲ್ಲಿ ತುಂಬಿಕೊಂಡು ಪಡಸಾಲೆಯ ಹೊಸ್ತಿಲಿಗೆ ಬಂದು ನಿಂತಳು. ಕತ್ತೆತ್ತಿ ತೊಲೆಗಳನ್ನು ಬಹಳ ಹೊತ್ತು ನೋಡಿದಳು.

"ಅಜ್ಜಾ, ಬಿದ್ರ ತಗೀತಿಯೇನು?"

ಬೀಳುವುದಿಲ್ಲ ಎಂಬ ಮಾತು ಹಂಪಣ್ಣನ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಎಲ್ಲರೂ ಅವಳಿಗೆ ಹೇಳಿ ಸಾಕಾಗಿತ್ತು.

"ತಗೀತೀನವ್ವ. ನಾನೂ ತಗೀತೀನಿ, ಓಣ್ಯಾಗಿನ ಮಂದೀನೂ ಬಂದು ತಗೀತಾರ."

ಹುಡುಗಿ ಹೊಸ್ತಿಲು ದಾಟಿದಳು. ಒಲೆಯ ಮುಂದಿದ್ದ ಗುರುಲಿಂಗಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಗೆ ಒರಗಿದಳು.

ಸಂತೆಯ ದಿನ ಮಕ್ಬುಲಸಾಬ ಹೊಸ ಪೆಟ್ಟಿಗೆ ಹೊತ್ತು ಬಂದ. "ಗೂಟ ಬಿಗಿ ಮಾಡ್ಕೊಂಡು ಬಂದೀನ್ರಿ ಸಾವಕಾರ್ರ. ಈಗ ಒದ್ರೂ ಬೀಳಂಗಿಲ್ಲ."

ಹಂಪಣ್ಣ ಪೆಟ್ಟಿಗೆ ಬಿಚ್ಚಲಿಲ್ಲ. ಅವನ ಎರಡೂ ಕೈಗಳನ್ನು ಹಿಡಿದುಕೊಂಡ. "ಬ್ಯಾಡ್ರಿ. ಮೊದ್ಲು ಹೆಂಗ ಮಾಡಿದ್ರಿ, ಹಂಗ ಮಾಡ್ರಿ. ಎಷ್ಟು ಮಾಡ್ತೀರಿ ಅಷ್ಟೂ ನನಗ ಕೊಡ್ರಿ."

"ಗ್ವಾಡಿ ಬೀಳ್ತಾವಲ್ರಿ ಮತ್ತ?"

ಹಂಪಣ್ಣ ಮಕ್ಬುಲಸಾಬನ ಕೈ ಬಿಡದೆ ಅಂಗಡಿಯ ಹಿಂದಿನ ಮನೆಗೆ ಕರೆದುಕೊಂಡು ಹೋದ. ಅಂಗಳ ದಾಟಿ ಪಡಸಾಲೆಯ ಬಾಗಿಲಿಗೆ ಬಂದರು. ಏನಾಯಿತೆಂದು ತಿಳಿಯದ ಮಕ್ಬುಲಸಾಬ, "ಮಾಲು ಪಸಂದ ಬಂತೇನ್ರಿ ಹಂಗಾದ್ರ?" ಎಂದು ಬಾಯಿ ತೆರೆದ.

ಪೇಟೆಯ ಆ ತುದಿಗೆ ಕೇಳುವಂತೆ ವ್ಯಾಪಾರ ಮಾಡುವ ಹಂಪಣ್ಣ ತುಟಿಯ ಮೇಲೆ ಬೆರಳಿಟ್ಟು ಪಿಸುಗುಟ್ಟಿದ:

"ಸಣ್ಣಗ ಮಾತಾಡ್ರಿ ಸಾಬ್ರ. ಒಳಗ ಮಲಗ್ಯಾಳ."